ಬಾಗಿದ್ದು ಬಾಗಿಲಲ್ಲ, ಟಿವಿ

ಹಳೆಯ ಅಗಲ ಪರದೆಯ ಟ್ಯೂಬ್ ಟಿವಿ ಇನ್ನೂ ಇಟ್ಟುಕೊಂಡಿದ್ದೀರಾ? ಹಾಗಿದ್ರೆ ಅದರಲ್ಲಿ ಚಿತ್ರ ನೆಟ್ಟಗಿದೆಯಾ ಅಂತ ಪರೀಕ್ಷಿಸುವ ಕ್ರಾಸ್‌ಹ್ಯಾಚ್ ಪ್ಯಾಟರ್ನ್ ಮಾತ್ರ ಹಾಕಿ ನೋಡಬೇಡಿ. ಕಪ್ಪು ಪರದೆ ಮೇಲೆ ಬಿಳಿ ಚೌಕುಳಿ, ಅಷ್ಟೇ. ಅದನ್ನು ನೋಡುವವರೆಗೆ ಟಿವಿ ಚೆನ್ನಾಗಿಯೇ ಇರುತ್ತದೆ.

ನಮ್ಮನೆಯದು 32 ಇಂಚಿನದು. ಚೌಕುಳಿ ಹಾಕಿದೆ, ಪಕ್ಕದ ಗೆರೆಗಳೆರಡೂ ಸೊಂಟ ಹಿಡಿದವರ ಹಾಗೆ ಒಳಕ್ಕೆ ಬಾಗಿದ್ದವು. ಮೂಲೆಯಲ್ಲಂತೂ ಬಿಳಿ ಗೆರೆ ಒಡೆದು ಕೆಂಪು ಒಂದು ಕಡೆ, ನೀಲಿ ಇನ್ನೊಂದು ಕಡೆ ಹೊರಟಿತ್ತು. ಮೂರು ಬಣ್ಣಕ್ಕೂ ಬೇರೆ ಬೇರೆ ಕಿರಣ, ಮೂರೂ ಒಂದೇ ಜಾಗಕ್ಕೆ ಬಂದು ಬೀಳಬೇಕು, ನಡುವೆ ಸುಲಭ, ದೂರದ ಮೂಲೆಯಲ್ಲಿ ಕಷ್ಟ. ಅಗಲ ಪರದೆಗೆ ಆ ಮೂಲೆಗಳು ಇನ್ನೂ ದೂರ, ಅಲ್ವಾ? ಅವತ್ತಿನಿಂದ ಧಾರಾವಾಹಿಯಲ್ಲಿ ಯಾರು ಅತ್ತರೂ ನಾನು ನೋಡುವುದು ಅವರ ಹಿಂದಿನ ಬಾಗಿಲ ಚೌಕಟ್ಟನ್ನು.

ಆಮೇಲೆ ಓರೆ ಚಿತ್ರ. ಕೆಳಗೆ ಓಡುವ ಸುದ್ದಿಸಾಲು ಒಂದು ತುದಿಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಚೂರು ಏರು ಹತ್ತುತ್ತದೆ. ಇದಕ್ಕೆ ಕಾರಣ ಭೂಮಿಯ ಕಾಂತಕ್ಷೇತ್ರವೂ ಇರಬಹುದು, ಟಿವಿಯ ದಿಕ್ಕು ಬದಲಿಸಿದರೆ ಓರೆಯೂ ಬದಲಾಗುತ್ತದೆ. ಅಣ್ಣನೂ ನಾನೂ ಏದುಸಿರು ಬಿಡುತ್ತಾ ತಿರುಗಿಸಿದೆವು. ಸುದ್ದಿಸಾಲು ನೆಟ್ಟಗಾಯಿತು, ನೋಡುವವರ ಕತ್ತು ಓರೆಯಾಯಿತು.

ಎಡಗಡೆ ನೇರಳೆ ಕಲೆಯೊಂದಿತ್ತು. ಧಾರಾವಾಹಿಯ ಅತ್ತೆ ಅಲ್ಲಿ ಬಂದು ನಿಂತಾಗಲೆಲ್ಲ ಮುಖ ನೇರಳೆಯಾಗುತ್ತಿತ್ತು, ಅಮ್ಮ ಅದನ್ನು ಸಿಟ್ಟು ಅಂದುಕೊಂಡಿದ್ದರು. ನಿಜವಾದ ಅಪರಾಧಿ ಪಕ್ಕದಲ್ಲಿದ್ದ ದೊಡ್ಡ ಸ್ಪೀಕರ್. ಅದರ ಅಯಸ್ಕಾಂತ ಟ್ಯೂಬಿನೊಳಗಿನ ಲೋಹದ ಜಾಲರಿಗೆ ಕಾಂತ ಹಿಡಿಸಿತ್ತು. ಸ್ಪೀಕರ್ ದೂರ ಇಟ್ಟು ಟಿವಿ ಹಾಕಿದರೆ 'ಗುಂಯ್' ಅಂತ ಸದ್ದಾಗುತ್ತದಲ್ಲ, ಅದೇ ಜಾಲರಿಯ ಕಾಂತ ಬಿಡಿಸುವ ಡೀಗಾಸ್ ಸುರುಳಿ, ಕಲೆ ತೆಗೆಯುವುದು ಅದರ ಕೆಲಸ. ಆದರೆ ಸುಮ್ನೆ ಪಟಪಟ ಆಫ್-ಆನ್ ಮಾಡಿ ಉಪಯೋಗವಿಲ್ಲ. ಬಿಸಿಯಾದಾಗ ಸುರುಳಿಗೆ ಕರೆಂಟು ತಡೆಯುವ ಒಳಗಿನ ಥರ್ಮಿಸ್ಟರ್ ತಣ್ಣಗಾಗಬೇಕು, ಅರ್ಧ ಗಂಟೆ ಬಿಟ್ಟು ಹಾಕಿ. ಧಾರಾವಾಹಿ ಹೊತ್ತಿನಲ್ಲಿ ಅರ್ಧ ಗಂಟೆ ಆಫ್ ಮಾಡ್ತೀನಿ ಅಂತ ಹೇಳುವ ಧೈರ್ಯ ಇದ್ದರೆ.

ರಿಪೇರಿಯವರಿಗೆಂದು ಟಿವಿಯೊಳಗೆ ಬಚ್ಚಿಟ್ಟಿರುವ ಸರ್ವಿಸ್ ಮೆನುವಿಗೆ ಕೈ ಹಾಕುವವರು ಮೊದಲು ಇರುವ ಅಂಕಿಗಳನ್ನೆಲ್ಲ ಬರೆದಿಟ್ಟುಕೊಳ್ಳಿ, ಟಿವಿ ಅರ್ಧ ಗಂಟೆ ಓಡಿ ಬಿಸಿಯಾದ ಮೇಲೆಯೇ ಶುರು ಮಾಡಿ. ಪಕ್ಕ ನೆಟ್ಟಗೆ ಮಾಡಿದರೆ ಅಗಲ ಕೆಡುತ್ತದೆ, ಅಗಲ ಸರಿ ಮಾಡಿದರೆ ಮತ್ತೆ ಪಕ್ಕ. ಹಿಂದಿನ ಮುಚ್ಚಳ ಮಾತ್ರ ಬಿಚ್ಚಬೇಡಿ. ಟ್ಯೂಬಿಗೆ ಹೋಗುವುದು 25,000 ವೋಲ್ಟ್‌ಗೂ ಜಾಸ್ತಿ, ಪ್ಲಗ್ ಕಿತ್ತ ಮೇಲೂ ಅದು ಒಳಗೆ ಉಳಿದಿರಬಹುದು.

ಕೆಲವು ಟ್ಯೂಬುಗಳಲ್ಲಿ ಕೂದಲೆಳೆಯಂಥ ಒಂದೆರಡು ಅಡ್ಡ ಗೆರೆ ಕಾಣುತ್ತವೆ. ಅದು ದೋಷವೇ ಅಲ್ಲ, ಒಳಗಿನ ಲಂಬ ತಂತಿಗಳು ಅದುರದಂತೆ ಹಿಡಿದಿರುವ ಅಡ್ಡ ತಂತಿಯ ನೆರಳು. ಎಷ್ಟು ಒರೆಸಿದರೂ ಹೋಗಲ್ಲ, ಅಣ್ಣ ಒರೆಸಿ ನೋಡಿದ್ದಾನೆ.

ಇಷ್ಟರ ನಡುವೆ ರಿಮೋಟಿನ ಒಂದೇ ಗುಂಡಿಯಲ್ಲಿ ಸರಿಹೋಗುವ ದೋಷವೂ ಒಂದಿತ್ತು. ಹಳೆಯ 4:3 ಅಳತೆಯ ಚಿತ್ರವನ್ನು ಅಗಲ ಪರದೆಯ 16:9ಕ್ಕೆ ಎಳೆದು ಎಲ್ಲರನ್ನೂ ದಪ್ಪ ಮಾಡಿದ್ದು. ಗುಂಡಿ ಒತ್ತಿದೆ. ಎರಡೂ ಬದಿ ಕಪ್ಪು ಪಟ್ಟಿ ಬಂತು, ಮುಖಗಳು ಮುಖದಂತಾದವು.

"ಟಿವಿ ತುಂಬ ಬರ್ತಿತ್ತು, ಯಾಕೋ ಎರಡೂ ಕಡೆ ಕತ್ತರಿಸಿಬಿಟ್ಟೆ?" ಅಂದರು ಅಮ್ಮ. ಈಗ ಎಲ್ಲರೂ ಮತ್ತೆ ದಪ್ಪಗಿದ್ದಾರೆ.