ಇನ್ಸುಲಿನ್ ಜಪ ಸಾಕು, ಗ್ಲುಕಗಾನ್ ಹೆಸರೂ ಹೇಳಿ

ಬೆಳಿಗ್ಗೆ ಬೆಳಿಗ್ಗೆ ಟಿವಿಯಲ್ಲಿ ಅರ್ಧ ಗಂಟೆ ಶುಗರ್ ಪುರಾಣ. ಇನ್ಸುಲಿನ್, ಇನ್ಸುಲಿನ್, ಮತ್ತೆ ಇನ್ಸುಲಿನ್. ಕೊನೆಗೆ ಯಾರೋ ಫೋನ್ ಮಾಡಿ ಕೇಳಿದ್ರು: "ಸರ್, ನಂಗೆ ಶುಗರ್ ಇಲ್ಲ, ರಾತ್ರಿ ಊಟಾನೂ ಬಿಟ್ಟಿದ್ದೆ. ಆದ್ರೂ 92 ಹೇಗೆ ಬಂತು?" ಉತ್ತರ: "ಟೆನ್ಷನ್ ಕಮ್ಮಿ ಮಾಡ್ಕೊಳ್ಳಿ." ಆಹಾ!

ಇನ್ನೇನು, ಸೊನ್ನೆ ಬರಬೇಕಿತ್ತಾ? ಖಾಲಿ ಹೊಟ್ಟೆಯಲ್ಲಿ ರಕ್ತದ ಗ್ಲುಕೋಸ್ ಡೆಸಿಲೀಟರ್‌ಗೆ 70ರಿಂದ 99 ಮಿ.ಗ್ರಾಂ. ಇರೋದು ಸಹಜ. ಐದು ಲೀಟರ್ ರಕ್ತದಲ್ಲಿರೋ ಗ್ಲುಕೋಸ್ ಎಲ್ಲಾ ಸೇರಿದ್ರೂ ನಾಲ್ಕೈದು ಗ್ರಾಂ. ಮಿದುಳೊಂದಕ್ಕೇ ಗಂಟೆಗೆ ಸುಮಾರು ಐದು ಗ್ರಾಂ ಬೇಕು. ರಾತ್ರಿಯಿಡೀ ತುಂಬ್ತಾ ಇರೋದು ಲಿವರ್, ತುಂಬಿಸೋದು ಗ್ಲುಕಗಾನ್ ಅನ್ನೋ ಹಾರ್ಮೋನ್.

ಮೇದೋಜ್ಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಮಾಡೋ ಬೀಟಾ ಕೋಶಗಳ ಮಗ್ಗುಲಲ್ಲೇ ಆಲ್ಫಾ ಕೋಶಗಳಿವೆ. ಅಲ್ಲಿಂದ ಹೊರಟ ಗ್ಲುಕಗಾನ್ ಪೋರ್ಟಲ್ ರಕ್ತನಾಳ ಹಿಡಿದು ಮೊದಲು ಲಿವರ್‌ಗೆ ಹೋಗುತ್ತೆ, ಅಲ್ಲಿರೋ ಸುಮಾರು 100 ಗ್ರಾಂ ಗ್ಲೈಕೋಜನ್, ಅಂದ್ರೆ ಕೂಡಿಟ್ಟ ಗ್ಲುಕೋಸ್, ಒಡೆಸುತ್ತೆ. ಆ ದಾಸ್ತಾನು ಕರಗ್ತಾ ಬಂದ ಹಾಗೆ ಅಮೈನೋ ಆಮ್ಲ, ಲ್ಯಾಕ್ಟೇಟ್, ಗ್ಲಿಸರಾಲ್‌ಗಳಿಂದ ಹೊಸ ಗ್ಲುಕೋಸ್ ತಯಾರಿ. ಮಾಂಸಖಂಡದಲ್ಲಿ ಇದಕ್ಕಿಂತ ಹೆಚ್ಚು ಗ್ಲೈಕೋಜನ್ ಇದೆ ನಿಜ, ಆದ್ರೆ ಅದನ್ನ ರಕ್ತಕ್ಕೆ ಬಿಡೋ ಕಿಣ್ವವೇ ಅಲ್ಲಿಲ್ಲ.

ಶುಗರ್ ಇಳೀತಾ 80ರ ಆಸುಪಾಸಿಗೆ ಬಂದ್ರೆ ಇನ್ಸುಲಿನ್ ತಗ್ಗುತ್ತೆ. 65-70ಕ್ಕೆ ಗ್ಲುಕಗಾನ್, ಅಡ್ರಿನಲಿನ್ ಎರಡೂ ಜೋರಾಗುತ್ತವೆ. ಕೈನಡುಕ, ಬೆವರು ಸಾಮಾನ್ಯವಾಗಿ 55ರ ಹೊತ್ತಿಗೆ. ಬರೀ ಮೊಟ್ಟೆ ತಿಂದ್ರೂ ಅದರ ಪ್ರೋಟೀನ್‌ನ ಅಮೈನೋ ಆಮ್ಲದಿಂದ ಇನ್ಸುಲಿನ್ ಏರುತ್ತೆ. ಶುಗರ್ ಕುಸೀಬೇಕಲ್ವಾ? ಕುಸಿಯಲ್ಲ, ಜೊತೆಗೇ ಗ್ಲುಕಗಾನೂ ಏರಿರುತ್ತೆ. ಇಷ್ಟೆಲ್ಲ ಮಾಡೋ ಗ್ಲುಕಗಾನ್‌ಗೆ ಟಿವಿಯಲ್ಲಿ ಒಂದು ವಾಕ್ಯವಿಲ್ಲ! ಇನ್ಸುಲಿನ್ ಸಿಕ್ಕಿದ್ದು 1921ರಲ್ಲಿ, ಗ್ಲುಕಗಾನ್‌ಗೆ ಹೆಸರಿಟ್ಟಿದ್ದು 1923ರಲ್ಲಿ. ನಿನ್ನೆ ಮೊನ್ನೆಯದೇನಲ್ಲ.

"ಡಯಾಬಿಟಿಸ್‌ನಲ್ಲಿ ಗ್ಲುಕಗಾನ್ ಜಾಸ್ತಿ ಅಲ್ವಾ, ಅದೇ ವಿಲನ್" ಅಂತ ಬರೋರು ಬರ್ತೀರಿ, ಗೊತ್ತು. ಹೌದು, ಟೈಪ್ 2ರಲ್ಲಿ ಊಟವಾದ ಮೇಲೂ ಅದು ಸರಿಯಾಗಿ ತಗ್ಗಲ್ಲ. ಫೋನ್ ಮಾಡಿದವರಿಗೆ ಆ ಕಾಯಿಲೆಯೇ ಇಲ್ವಲ್ಲ ಸ್ವಾಮಿ!

ಗ್ಲುಕಗಾನ್ ಕೆಲಸ ಕೆಡೋದು ಬೇರೆ ಕಡೆ. ಊಟ ಬಿಟ್ಟು ಕುಡಿಯೋರಲ್ಲಿ ಗ್ಲೈಕೋಜನ್ ಖಾಲಿ, ಹೊಸ ಗ್ಲುಕೋಸ್ ತಯಾರಿಯನ್ನ ಮದ್ಯ ತಡೆದಿರುತ್ತೆ. ಆಗ ಶುಗರ್ ಕುಸಿದ್ರೆ 1 ಮಿ.ಗ್ರಾಂ. ಗ್ಲುಕಗಾನ್ ಇಂಜೆಕ್ಷನ್ ಕೊಟ್ರೂ ಲಿವರ್ ಎಲ್ಲಿಂದ ತಂದೀತು? ಡ್ರಿಪ್‌ನಲ್ಲಿ ಗ್ಲುಕೋಸೇ ಹಾಕ್ಬೇಕು. ಇನ್ನು ಡಯಾಬಿಟಿಸ್ ಇದೆಯಾ ಅಂತ ನೋಡೋಕೆ 75 ಗ್ರಾಂ ಗ್ಲುಕೋಸ್ ಕುಡಿಸೋ ಪರೀಕ್ಷೆಗೆ ಅಂತ ಮೂರು ದಿನ ಅನ್ನ, ಮುದ್ದೆ ಬಿಟ್ಟು "ರೆಡಿ" ಆಗೋ ಮಹನೀಯರೇ, ಉಪವಾಸಕ್ಕೆ ಒಗ್ಗಿದ ದೇಹ ಆ ಗ್ಲುಕೋಸನ್ನ ಬೇಗ ಬಳಸ್ಕೊಳ್ಳಲ್ಲ, ರಿಪೋರ್ಟ್ ಸುಮ್ಮನೆ ಏರಿ ಕೂರುತ್ತೆ. ಆ ಮೂರು ದಿನವೂ ಕನಿಷ್ಠ 150 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಹೋಗಿರ್ಲಿ, ಆಮೇಲೆ ಲ್ಯಾಬಿಗೆ ಹೊರಡಿ.