ಶಾಲು ಸಾಕು, ಮೈಕು ಕೊಡಿ

ನವೆಂಬರ್ 11ರ ವೆಟರನ್ಸ್ ಡೇ, ಅಂದರೆ ಮಾಜಿ ಸೈನಿಕರ ದಿನ, ಬಂದರೆ ಸಾಕು, ಇಲ್ಲಿ ಅಮೆರಿಕದಲ್ಲಿರುವ ನಮ್ಮ ಕನ್ನಡಿಗರಲ್ಲಿ ಯಾರಾದರೊಬ್ಬರು ಶುರು ಮಾಡುತ್ತಾರೆ: "ಅಮೆರಿಕದಲ್ಲಿ ಮಾಜಿ ಸೈನಿಕರಿಗೆ ಎಂಥ ಮರ್ಯಾದೆ ನೋಡ್ರಿ, ನಮ್ಮಲ್ಲಿ ಏನಿದೆ?" ನಾನು ಒಪ್ಪುವುದಿಲ್ಲ. ಈಗ ಬೆಳಗಾವಿ, ಬಾಗಲಕೋಟೆ, ಗದಗ ಕಡೆಯ ಹಳ್ಳಿಗಳಲ್ಲಿ ಯಾರಾದರೂ ಸೇನೆಯಿಂದ ನಿವೃತ್ತರಾಗಿ ಬಂದರೆ ತೆರೆದ ಜೀಪಿನಲ್ಲಿ ಮೆರವಣಿಗೆ ಮಾಡುತ್ತಾರೆ. ಮುಂದೆ ಡೊಳ್ಳು, ಹಲಗೆ. ಮನೆಮನೆ ಮುಂದೆ ಆರತಿ. ಶಾಲೆ ಮಕ್ಕಳು ಬಾವುಟ ಹಿಡಿದು ರಸ್ತೆಯ ಎರಡೂ ಬದಿ ನಿಂತಿರುತ್ತಾರೆ. ಒಬ್ಬ ಸಿಪಾಯಿ ಮನೆಗೆ ಬಂದ ಅಂತ ಇಡೀ ಊರು ಹೀಗೆ ಬೀದಿಗಿಳಿಯುವುದನ್ನು ನಾನಂತೂ ಇಲ್ಲಿ ಕಂಡಿಲ್ಲ.

ನನ್ನ ತಕರಾರು ಇರುವುದು ಮಾರನೇ ದಿನದ ಬಗ್ಗೆ. ನಮ್ಮಲ್ಲಿ ಸಿಪಾಯಿಗಳು ಬಹುಪಾಲು ನಲವತ್ತರ ಆಸುಪಾಸಿನಲ್ಲೇ ನಿವೃತ್ತರಾಗುತ್ತಾರೆ. ಹಾರ ತೆಗೆದಿಟ್ಟ ಮೇಲೆ ಆ ಮನುಷ್ಯ ಬ್ಯಾಂಕಿನ ಸೆಕ್ಯೂರಿಟಿ ಕೆಲಸ ಹುಡುಕಬೇಕು, ಜಮೀನಿನ ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ಅಲೆಯಬೇಕು. ಊರಿನವರಿಗೆ ಆಮೇಲೆ ಅವರ ನೆನಪಾಗುವುದು ಮಿಲಿಟರಿ ಕ್ಯಾಂಟೀನಿನ ಬಾಟಲಿ ಬೇಕಾದಾಗ. (ನಗಬೇಡಿ, ಕೇಳಿದವರಲ್ಲಿ ನೀವೂ ಇರಬಹುದು.) ಇನ್ನು ಬಿಸಿಲಲ್ಲಿ ಬಾವುಟ ಹಿಡಿದು ನಿಂತ ಹುಡುಗನಿಗೆ ಆ ಜೀಪಿನಲ್ಲಿದ್ದವರು ಎಲ್ಲಿ ಕೆಲಸ ಮಾಡಿದರು, ಏನು ಕೆಲಸ ಮಾಡಿದರು ಅನ್ನೋದೇ ಗೊತ್ತಿರುವುದಿಲ್ಲ.

ಶಾಲೆಯಲ್ಲಿ ಸೈನಿಕರ ಜೊತೆ ನಮಗಿದ್ದ ನಂಟು ಡಿಸೆಂಬರ್ 7ರ ಧ್ವಜ ದಿನ ಒಂದೇ. 1949ರಿಂದ ನಡೆದು ಬಂದ ಒಳ್ಳೆ ಪದ್ಧತಿ ಅದು, ದುಡ್ಡು ಸೈನಿಕರ ಕುಟುಂಬಗಳಿಗೆ ಹೋಗುತ್ತದೆ. ಮಾಸ್ತರರು ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣದ ಪುಟ್ಟ ಬಾವುಟ ಕೊಡುತ್ತಿದ್ದರು. ನಾವು ಚಿಲ್ಲರೆ ಕೊಟ್ಟು ಅಂಗಿಗೆ ಚುಚ್ಚಿಕೊಳ್ಳುತ್ತಿದ್ದೆವು. ಅಲ್ಲಿಗೆ ಮುಗೀತು. ಹಾಗಂತ ಮಾಜಿ ಸೈನಿಕರಿಗೇ ಮೀಸಲಾದ ದಿನ ಇಲ್ಲ ಅಂತಲ್ಲ. ಜನವರಿ 14. ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾಗಿದ್ದ ಕೊಡಗಿನ ಕಾರ್ಯಪ್ಪನವರು 1953ರಲ್ಲಿ ಸೇನೆಯಿಂದ ನಿವೃತ್ತರಾದ ದಿನ ಅದು. ನಮ್ಮ ರಾಜ್ಯದವರ ನೆನಪಲ್ಲೇ ಇರುವ ದಿನ ನಮ್ಮ ಮಕ್ಕಳಿಗೇ ಗೊತ್ತಿಲ್ಲ, ಯಾಕೆಂದರೆ ಅದು ಬಂದು ಬೀಳುವುದು ಸರಿಯಾಗಿ ಸಂಕ್ರಾಂತಿ ಹೊತ್ತಿಗೆ. ಎಳ್ಳು ಬೀರುವ ಗಡಿಬಿಡಿಯಲ್ಲಿ ಯಾರಿಗೆ ನೆನಪಿರುತ್ತೆ?

ಇಲ್ಲಿನ ನವೆಂಬರ್ 11ರ ಕತೆ ಬೇರೆ. ಮೊದಲನೇ ಮಹಾಯುದ್ಧ 1918ರಲ್ಲಿ ನಿಂತ ದಿನ ಅದು. ಮೊದಲು ಆ ಯುದ್ಧಕ್ಕೆ ಮಾತ್ರ ಸೇರಿದ್ದಾಗಿತ್ತು. ಕ್ಯಾನ್ಸಸ್ ರಾಜ್ಯದ ಎಂಪೋರಿಯಾ ಊರಿನಲ್ಲಿ ಆಲ್ವಿನ್ ಕಿಂಗ್ ಅಂತ ಶೂ ಅಂಗಡಿಯ ಒಬ್ಬರಿದ್ದರು. ಅವರು ಸಾಕಿದ ಹುಡುಗ ಎರಡನೇ ಮಹಾಯುದ್ಧದಲ್ಲಿ ಸತ್ತಿದ್ದ. ಈ ದಿನ ಎಲ್ಲ ಯುದ್ಧದವರಿಗೂ ಸೇರಬೇಕು ಅಂತ ಅವರು ಪಟ್ಟು ಹಿಡಿದರು, 1953ರಲ್ಲಿ ಊರೇ ಸೇರಿ ಹಾಗೆ ಆಚರಿಸಿತು. ಮಾರನೇ ವರ್ಷ ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿ ದೇಶಕ್ಕೆಲ್ಲ ಅದೇ ಆಯಿತು. ಸರ್ಕಾರ ಹೇಳಿ ಊರು ಮಾಡಿದ್ದಲ್ಲ, ಊರು ಮಾಡಿದ ಮೇಲೆ ಸರ್ಕಾರ ಒಪ್ಪಿದ್ದು. ಆಮೇಲೆ ಉದ್ದ ವಾರಾಂತ್ಯ ಸಿಗಲಿ ಅಂತ 1971ರಲ್ಲಿ ದಿನವನ್ನು ಅಕ್ಟೋಬರ್ ಸೋಮವಾರಕ್ಕೆ ಎಳೆದರು. ಜನ ಒಪ್ಪಲಿಲ್ಲ. 1978ರಲ್ಲಿ ವಾಪಸ್ ನವೆಂಬರ್ 11ಕ್ಕೇ ಬಂತು.

ಸರ್ಕಾರಿ ರಜೆ ಇದ್ದರೂ ಅನೇಕ ಶಾಲೆಗಳು ಅವತ್ತು ಬಾಗಿಲು ತೆರೆದೇ ಇಡುತ್ತವೆ. ಅದು ನನಗೆ ತುಂಬ ಹಿಡಿಸಿದ ವಿಷಯ. ಮಕ್ಕಳು ತಮ್ಮ ತಾತ, ಚಿಕ್ಕಪ್ಪ, ಪಕ್ಕದ ಮನೆಯವರು ಹೀಗೆ ಸೇನೆಯಲ್ಲಿದ್ದವರನ್ನು ಕರೆತರುತ್ತಾರೆ. ಕ್ಯಾಂಟೀನಿನಲ್ಲಿ ಕಾಫಿ, ಡೋನಟ್. ಆಮೇಲೆ ಜಿಮ್ ಹಾಲಿನಲ್ಲಿ ಮಕ್ಕಳ ಬ್ಯಾಂಡು ಭೂಸೇನೆ, ನೌಕಾಸೇನೆ, ವಾಯುಸೇನೆ ಒಂದೊಂದರ ಹಾಡನ್ನೂ ನುಡಿಸುತ್ತದೆ. ಯಾರ ಹಾಡು ಬಂತೋ ಅವರು ಎದ್ದು ನಿಲ್ಲಬೇಕು. ಎದ್ದವರಲ್ಲಿ ಮಗಳ ಗಣಿತದ ಟೀಚರೂ ಇದ್ದರು. ಇಡೀ ಹಾಲು ಒಂದು ಕ್ಷಣ ಸುಮ್ಮನಾಗಿ ಆಮೇಲೆ ಕೂಗಿದ್ದೇ ಕೂಗಿದ್ದು. ವರ್ಷವಿಡೀ ಬೀಜಗಣಿತ ಕಲಿಸಿದವರು ಇರಾಕಿಗೆ ಹೋಗಿ ಬಂದವರು ಅಂತ ಯಾರಿಗೂ ಗೊತ್ತಿರಲಿಲ್ಲ.

ಇದೆಲ್ಲ ಚಂದ. ಆದರೆ ಇಲ್ಲಿಯೂ ಆಡಂಬರ ಕಮ್ಮಿಯೇನಿಲ್ಲ. ಅವತ್ತು ಹೋಟೆಲಿನಲ್ಲಿ ಮಾಜಿ ಸೈನಿಕರಿಗೆ ಪುಕ್ಕಟೆ ಊಟ, ಅಂಗಡಿಯಲ್ಲಿ ಹಾಸಿಗೆಯ ಮೇಲೂ ರಿಯಾಯಿತಿ. "ನಿಮ್ಮ ಸೇವೆಗೆ ಧನ್ಯವಾದ" ಅನ್ನುವುದು ಬಾಯಿಪಾಠದಂತಾಗಿದೆ. ಈ ಮರ್ಯಾದೆ ಮೊದಲಿನಿಂದಲೂ ಇದ್ದದ್ದಲ್ಲ. ವಿಯೆಟ್ನಾಂನಿಂದ ಬಂದವರನ್ನು ಇದೇ ದೇಶ ಸರಿಯಾಗಿ ಮಾತಾಡಿಸಲೂ ಇಲ್ಲ. ಅವರಿಗಾಗಿ ಮಾರ್ಚ್ 29 ಅಂತ ಒಂದು ದಿನ ಕಾಯಂ ಆಗಿದ್ದು 2017ರಲ್ಲಿ. ಹಳೆ ಸಾಲ ತೀರಿಸುವ ಆತುರ ಈಗಿನ ಸಡಗರದಲ್ಲಿ ಜಾಸ್ತಿಯೇ ಇದೆ ಅಂತ ನನಗನಿಸುತ್ತದೆ.

ಇಲ್ಲಿಂದ ನಾವು ತೆಗೆದುಕೊಂಡು ಹೋಗಬೇಕಾದ್ದು ಒಂದೇ ಒಂದು. ಇಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ 2000ದಿಂದ ಮಾಜಿ ಸೈನಿಕರ ಮಾತುಗಳನ್ನು ಕೂಡಿಡುತ್ತಿದೆ. ಸಂದರ್ಶನ ಮಾಡಲು ಪತ್ರಕರ್ತರೇ ಆಗಬೇಕಿಲ್ಲ. ಹತ್ತನೇ ತರಗತಿಯಿಂದ ಮೇಲಿನ ಮಕ್ಕಳೂ ಮಾಡಬಹುದು. ಕನಿಷ್ಠ 30 ನಿಮಿಷ ರೆಕಾರ್ಡ್ ಮಾಡಬೇಕು ಅಷ್ಟೇ.

ಮಗಳು ಹೀಗೆ ನಮ್ಮ ಬೀದಿಯ ಒಬ್ಬ ಹಿರಿಯರ ಮನೆಗೆ ಹೋದಾಗ ಜೊತೆಗೆ ನಾನೂ ಇದ್ದೆ. ಸಕ್ಕರೆ ಡಬ್ಬಕ್ಕೆ ಒರಗಿಸಿ ಫೋನ್ ಇಟ್ಟಳು. ಎಷ್ಟು ಜನರನ್ನು ಕೊಂದಿರಿ ಅಂತ ಮಾತ್ರ ಕೇಳಬಾರದು ಅಂತ ಟೀಚರ್ ಮೊದಲೇ ಹೇಳಿ ಕಳಿಸಿದ್ದರು. ಊಟ ಏನಿತ್ತು, ಮನೆಯಿಂದ ಕಾಗದ ಎಷ್ಟು ದಿನಕ್ಕೆ ಬರುತ್ತಿತ್ತು, ಇಂಥವೇ ಪ್ರಶ್ನೆ. ಅವರು ವಿಯೆಟ್ನಾಂನಲ್ಲಿ ಲಾರಿ ರಿಪೇರಿ ಮಾಡುತ್ತಿದ್ದವರು. "ನಾನೇನು ಗುಂಡು ಹಾರಿಸಿದವನಲ್ಲಮ್ಮ, ನನ್ನದೇನು ಕತೆ" ಅಂತ ಮೊದಲು ತಳ್ಳಿಹಾಕಿದರು. ಕಾಗದದ ಮಾತು ಬಂದಾಗ ಎದ್ದು ಒಳಗೆ ಹೋಗಿ ಒಂದು ಬಿಸ್ಕತ್ ಡಬ್ಬಿ ತಂದರು. ಅಷ್ಟೂ ಅವರಮ್ಮ ಬರೆದದ್ದು. ಅರ್ಧ ಗಂಟೆ ಹೋಗಿ ಎರಡು ಗಂಟೆಯಾಯಿತು.

ನಮ್ಮೂರಲ್ಲಿ ಇದಕ್ಕೆ ಖರ್ಚೇನಿದೆ ಹೇಳಿ? ಹೈಸ್ಕೂಲ್ ಮಕ್ಕಳ ಮನೆಯಲ್ಲಿ ಮೊಬೈಲ್ ಇದೆ. ಹಳ್ಳಿಯಲ್ಲಿ ಮಾಜಿ ಸೈನಿಕರಿದ್ದಾರೆ. ಸಂಕ್ರಾಂತಿ ಮುಗಿದ ಮೇಲಿನ ಒಂದು ಶನಿವಾರ ಸಾಕು. ಸಿಯಾಚಿನ್‌ನಲ್ಲಿ ನೀರು ಹೇಗೆ ಕಾಯಿಸುತ್ತಿದ್ದಿರಿ, ಮೊದಲ ಸಲ ಹಿಂದಿ ಹೇಗೆ ಕಲಿತಿರಿ, ರಜೆಗೆ ಬರುವಾಗ ರೈಲಿನಲ್ಲಿ ಸೀಟು ಸಿಗುತ್ತಿತ್ತಾ? ಇಷ್ಟು ಕೇಳಿದರೆ ಅವರೇ ಮುಂದುವರಿಸುತ್ತಾರೆ. ಆ ರೆಕಾರ್ಡಿಂಗ್ ಶಾಲೆಯಲ್ಲೇ ಉಳಿಯಲಿ.

ಊರಿನ ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಈ ಮಾತು ಹಾಕಿದೆ. ತಕ್ಷಣ ಬಂದ ಪ್ರಶ್ನೆ: "ಉದ್ಘಾಟನೆಗೆ ಯಾರನ್ನ ಕರೆಯೋಣ?" ಯಾರನ್ನೂ ಬೇಡ ಅಂದೆ. ಶಾಲು ಹೊದಿಸಿ, ಫೋಟೋ ತೆಗೆಸಿಕೊಳ್ಳಿ, ಹತ್ತು ನಿಮಿಷದಲ್ಲಿ ಮುಗಿಸಿ. ಆಮೇಲೆ ಗಣ್ಯರ ಭಾಷಣ ಬೇಡ. ಮಕ್ಕಳು ಕೇಳಲಿ, ಅವರು ಹೇಳಲಿ. ಗುಂಪು ಸದ್ಯಕ್ಕೆ ತಣ್ಣಗಿದೆ. ಹೆಡ್‌ಮಾಸ್ತರರು ಮಾತ್ರ ಖಾಸಗಿಯಾಗಿ ಮೆಸೇಜ್ ಮಾಡಿ, ಪ್ರಶ್ನೆಗಳ ಪಟ್ಟಿ ಕಳಿಸಿ ಅಂದಿದ್ದಾರೆ.