ಕದ್ದುಮುಚ್ಚಿ ಮಾಡಿದ ರೆಕಾರ್ಡುಗಳೇ ಚೆನ್ನಾಗಿವೆ

ಪಶ್ಚಿಮ ಆಫ್ರಿಕಾದ ಫಂಕ್ ಸಂಗೀತದ ಹುಚ್ಚು ಹತ್ತಿದವರು ಇವತ್ತಲ್ಲ ನಾಳೆ ಬೆನಿನ್ ದೇಶದ ಆರ್ಕೆಸ್ಟ್ರಾ ಪೋಲಿ-ರಿತ್ಮೋ ಅನ್ನೋ ಬ್ಯಾಂಡ್ ಹತ್ರ ಬಂದೇ ಬರ್ತಾರೆ. ಬಂದವರು ಹೊಗಳೋದು ಆಲ್ಬರಿಕಾ ಸ್ಟೋರ್ ಅನ್ನೋ ಲೇಬಲ್ಲಿನ, ಅಂದ್ರೆ ರೆಕಾರ್ಡ್ ಕಂಪನಿಯ, ರೆಕಾರ್ಡುಗಳನ್ನ, ನೈಜೀರಿಯಾದ ಲಾಗೋಸ್‌ಗೆ ಹೋಗಿ ಇಎಂಐ ಸ್ಟುಡಿಯೋದಲ್ಲಿ ನೀಟಾಗಿ ಮಾಡಿದವು. ನಂಗೆ ಮಾತ್ರ ಇವ್ರು ತಮ್ಮ ಕೊಟೊನೂ ಊರಲ್ಲೇ ಕದ್ದುಮುಚ್ಚಿ ಮಾಡಿದ್ದೇ ಜಾಸ್ತಿ ಇಷ್ಟ. ಬೈಯೋರು ಬೈಕೊಳ್ಳಿ.

ಕದ್ದುಮುಚ್ಚಿ ಯಾಕೆ ಅಂದ್ರೆ, ಆಲ್ಬರಿಕಾ ಓನರ್ ಆದಿಸ್ಸಾ ಸೈದು ಜೊತೆ ಇವ್ರ ಕಾಂಟ್ರಾಕ್ಟ್ ಇತ್ತು, ಬೇರೆಯವ್ರಿಗೆ ರೆಕಾರ್ಡ್ ಮಾಡೋ ಹಾಗಿರ್ಲಿಲ್ಲ. ಆದ್ರೂ ಊರಿನ ಸಣ್ಣಪುಟ್ಟ ಲೇಬಲ್‌ನವ್ರು ಕರೆದ್ರೆ ಹೋಗಿ ನುಡಿಸಿ ಬರೋರು. ಯಾರದೋ ಮನೆ, ಒಂದು ನಾಗ್ರಾ ಟೇಪ್ ರೆಕಾರ್ಡರ್, ಒಂದೋ ಎರಡೋ ಮೈಕು, ಅಷ್ಟೇ. ಆಮೇಲೆ ಕೂತ್ಕೊಂಡು ಡ್ರಮ್ಸ್ ಒಂದನ್ನೇ ಏರಿಸ್ತೀನಿ ಗಿಟಾರ್ ಇಳಿಸ್ತೀನಿ ಅನ್ನೋಕೆ ಆಗಲ್ಲ, ಯಾರು ಮೈಕಿಗೆ ಎಷ್ಟು ಹತ್ರ ನಿಂತ್ರು ಅನ್ನೋದೇ ಮಿಕ್ಸಿಂಗ್. ಅದಕ್ಕೇ ಬೇಸ್ ಒಡೆದು ಒಡೆದು ಕೇಳ್ಸತ್ತೆ, ಆರ್ಗನ್ ಕಿರುಚತ್ತೆ, ಹಾಡೋನು ಎಲ್ಲಾನೂ ಮೀರಿಸ್ಬೇಕು ಅಂತ ಕೂಗ್ತಾನೆ. ಆ ಬಿಸಿ ಸ್ಟುಡಿಯೋದಲ್ಲಿ ಹುಟ್ಟಲ್ಲ ರೀ.

ಅಮೆರಿಕದ ಫಂಕ್ ಗಾಯಕ ಜೇಮ್ಸ್ ಬ್ರೌನ್ ಪ್ರಭಾವ ಇದೆ, ಇಲ್ಲ ಅಂತಲ್ಲ. ಆದ್ರೆ ಕೆಳಗಡೆ ಓಡ್ತಿರೋದು ಬೆನಿನ್ನಿನ ಸಾಂಪ್ರದಾಯಿಕ ಧರ್ಮವಾದ ವೊಡೂನ್ ಪೂಜೆಯ ತಾಳಗಳು. ಸಾತೋ ಅನ್ನೋದು ಸತ್ತವರ ನೆನಪಿಗೆ ವರ್ಷಕ್ಕೊಮ್ಮೆ ನಡೆಯೋ ಆಚರಣೆಯದ್ದು, ಆಳೆತ್ತರದ ಡ್ರಮ್ಮಿಗೂ ಅದೇ ಹೆಸರು. ಇನ್ನೊಂದು ತಾಳ ಸಕ್ಪಟಾ ದೇವರದ್ದು, ಸಿಡುಬಿಂದ ಕಾಯೋ ದೇವರು, ನಮ್ಮ ಮಾರಮ್ಮನ ಹಾಗೆ ಅನ್ಕೊಳ್ಳಿ. ಇದನ್ನೆಲ್ಲ ವಾ-ವಾ ಗಿಟಾರ್ ಜೊತೆ ಡ್ಯಾನ್ಸ್ ಫ್ಲೋರಿಗೆ ತಂದವ್ರು ಇವ್ರು!

2008ರಲ್ಲಿ ಅನಲಾಗ್ ಆಫ್ರಿಕಾ ಅನ್ನೋ ಲೇಬಲ್‌ನ ಸಾಮಿ ಬೆನ್ ರೆಜೆಬ್ 1972ರಿಂದ 75ರವರೆಗಿನ ಈ ಸಣ್ಣ ಲೇಬಲ್ ಹಾಡುಗಳನ್ನ ಒಟ್ಟುಮಾಡಿ ತಂದ. ಅಲ್ಲೇ ಓಡಾಡಿ, ಲೇಬಲ್‌ನವ್ರನ್ನ ಕಲಾವಿದರನ್ನ ಮಾತಾಡ್ಸಿ, ಹಕ್ಕು ತಗೊಂಡು ಮಾಡಿದ ಕೆಲಸ, ಅದಕ್ಕೆ ಸಲಾಂ. ನನ್ನ ತಕರಾರು ಆಮೇಲೆ ಬಂದ, ಹಳೇ ರೆಕಾರ್ಡು ಕೂಡಿಡೋ ಕಲೆಕ್ಟರ್ ಗುಂಪಿನ ಮೇಲೆ. 'ರೇರ್, ಅಬ್ಸ್ಕೂರ್' ಅಂತ ಒಂದು ಪುಟ್ಟ 45 ಆರ್‌ಪಿಎಂ ಡಿಸ್ಕಿಗೆ ಬಾಯಿಗೆ ಬಂದ ರೇಟು ಹೇಳೋದು, ಯಾರಿಗೂ ಗೊತ್ತಿಲ್ದೇ ಇರೋ ಬ್ಯಾಂಡ್ ಅನ್ನೋ ಹಾಗೆ ಪೋಸ್ಟ್ ಹಾಕೋದು. ಅಲ್ಲಾ ಸ್ವಾಮಿ, ಅಪರೂಪ ಆಗಿರೋದು ಡಿಸ್ಕು, ಪ್ರೆಸ್ ಮಾಡಿದ್ದೇ ಕಮ್ಮಿ ಅಂತ. ಬ್ಯಾಂಡ್ ಅಪರೂಪ ಅಲ್ಲ, ಕೊಟೊನೂನಲ್ಲಿ ಎಲ್ಲರ ಬಾಯಲ್ಲೂ ಇದ್ದ ಹೆಸರು, ನೂರಾರು ಹಾಡು ರೆಕಾರ್ಡ್ ಮಾಡಿದವ್ರು. ಬ್ಯಾಂಡ್ ಲೀಡರ್ ಮೆಲೊಮೆ ಕ್ಲೆಮೋನ್ ಎಲ್ಲೂ ಕಳೆದುಹೋಗಿರ್ಲಿಲ್ಲ, 2009ರಲ್ಲಿ ಯುರೋಪಿಗೆ ಬಂದು ಸ್ಟೇಜ್ ಹತ್ತಿದ್ರು, 2012ರಲ್ಲಿ ತೀರ್ಕೊಂಡ್ರು.

ಹಳೇ ಡಿಸ್ಕ್ ಹಿಂದೆ ಬಿದ್ದು ದುಡ್ಡು ಕಳ್ಕೋಬೇಡಿ, ಸಂಕಲನ ಆನ್‌ಲೈನ್ ಸಿಗತ್ತೆ. ಕೇಳೋವಾಗ ಫೋನಲ್ಲಿ ಬೇಸ್ ಬೂಸ್ಟ್ ಇದ್ರೆ ಮೊದ್ಲು ಆಫ್ ಮಾಡಿ, ಅದರ ಕೆಲಸ ನಾಗ್ರಾ ಆಗ್ಲೇ ಮಾಡಿಟ್ಟಿದೆ.